ಹತ್ತು ಇಂಚು ಮಳೆಯ ಊರಿನಲ್ಲಿ ನೆರೆಯ ಲೆಕ್ಕ

ಸ್ಯಾನ್ ಡಿಯಾಗೊದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ಹತ್ತು ಇಂಚು. ನಮ್ಮ ಚಳ್ಳಕೆರೆಗೂ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆಗುಂಬೆಯಲ್ಲಿ ಜುಲೈನ ಒಂದೇ ಹಗಲು-ರಾತ್ರಿ ಅಷ್ಟು ಸುರಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಒಣ ಊರಿನಲ್ಲಿ ಮಳೆನೀರಿನ ಲೆಕ್ಕ ಹಾಕುವ ಎಂಜಿನಿಯರ್‌ಗಳಿಗೆ ಕೈತುಂಬ ಕೆಲಸ. ಒಂದು ಕಚೇರಿ ಕಟ್ಟಡ ಎಬ್ಬಿಸಿ ಸುತ್ತ ಪಾರ್ಕಿಂಗ್ ಮಾಡಬೇಕೆಂದರೆ, ಕಟ್ಟುವ ಮುನ್ನ ಆ ನೆಲದಿಂದ ಎಷ್ಟು ನೀರು ಹರಿಯುತ್ತಿತ್ತು, ಕಟ್ಟಿದ ಮೇಲೆ ಎಷ್ಟು ಹರಿಯುತ್ತದೆ, ಹೆಚ್ಚಾದದ್ದನ್ನು ಎಲ್ಲಿ ತಡೆದು ನಿಲ್ಲಿಸುತ್ತೀರಿ ಎಂದು ಪಾಲಿಕೆಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕದ ಕೊನೆಯಲ್ಲಿ ಪರವಾನಗಿ ಪಡೆದ ಎಂಜಿನಿಯರ್ ಒಬ್ಬರ ಸಹಿ ಮತ್ತು ಮೊಹರು ಬೀಳಬೇಕು.

ಇಷ್ಟು ಕಡಿಮೆ ಮಳೆಗೆ ಇಷ್ಟೊಂದು ಲೆಕ್ಕ ಯಾಕೆ ಎಂದು ಕೇಳುವವರನ್ನು ಸೊರೆಂಟೊ ವ್ಯಾಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು. ನಗರದ ಉತ್ತರ ಭಾಗದ ಕಣಿವೆ ಇದು. ಲಾಸ್ ಏಂಜಲೀಸ್ ಕಡೆಯಿಂದ ಬರುವ ಇಂಟರ್‌ಸ್ಟೇಟ್ 5 ಹೆದ್ದಾರಿಯಿಂದ 805 ಕವಲೊಡೆಯುವುದು ಇಲ್ಲೇ. ಗುಡ್ಡದ ಮೇಲಿನ ಮಟ್ಟಸ ನೆಲದಲ್ಲಿ ಕ್ವಾಲ್ಕಾಮ್‌ನಂಥ ಕಂಪನಿಗಳ ಕಟ್ಟಡಗಳಿವೆ. ಕೆಳಗೆ ಕಣಿವೆಯ ತಳದಲ್ಲಿ ಬಯೋಟೆಕ್ ಲ್ಯಾಬುಗಳು, ಗೋದಾಮುಗಳು, ಗ್ಯಾರೇಜುಗಳು, ಒಂದಂತಸ್ತಿನ ಸಾಲು ಕಚೇರಿಗಳು, ಜೊತೆಗೆ ಕೋಸ್ಟರ್ ರೈಲಿನ ನಿಲ್ದಾಣ. ಬೆಂಗಳೂರಿನಿಂದ ಹೋದವರಿಗೆ ಸರ್ಜಾಪುರ ರಸ್ತೆಯ ನೆನಪಾಗದೆ ಇರದು.

ಈ ತಳದಲ್ಲೇ ಹಳ್ಳಗಳೂ ಇವೆ. ಪೂರ್ವದಿಂದ ಲಾಸ್ ಪೆನ್ಯಾಸ್ಕಿಟೋಸ್ ಹಳ್ಳ, ಆಗ್ನೇಯದಿಂದ ಕ್ಯಾರಲ್ ಕ್ಯಾನ್ಯನ್ ಹಳ್ಳ, ಉತ್ತರದ ಬದಿಯಿಂದ ಕಾರ್ಮೆಲ್ ವ್ಯಾಲಿಯ ಹಳ್ಳ. ಮೂರರ ನೀರೂ ಕೊನೆಗೆ ಸೇರುವುದು ಟೋರಿ ಪೈನ್ಸ್ ಗುಡ್ಡದ ಬುಡದಲ್ಲಿರುವ ಲಾಸ್ ಪೆನ್ಯಾಸ್ಕಿಟೋಸ್ ಅಳಿವೆಗೆ, ಅಲ್ಲಿಂದ ಪೆಸಿಫಿಕ್ ಸಾಗರಕ್ಕೆ. ಬೇಸಿಗೆಯಲ್ಲಿ ನೋಡಿದರೆ ಇವು ಹಳ್ಳವೆಂದು ನಂಬುವುದೇ ಕಷ್ಟ. ಕಚೇರಿಗಳ ಹಿಂಭಾಗದಲ್ಲಿ ತಂತಿಬೇಲಿ, ಬೇಲಿಯಾಚೆ ಜೊಂಡು ತುಂಬಿದ ಕಾಲುವೆ, ತಳದಲ್ಲಿ ಕಣಕಾಲು ಮುಳುಗದಷ್ಟು ನೀರು. ಚಳಿಗಾಲದ ಒಂದು ಜೋರು ಮಳೆಗೆ ಅದೇ ಕಾಲುವೆ ದಡ ಮೀರಿ ರೋಸೆಲ್ ಸ್ಟ್ರೀಟ್ ಸುತ್ತಮುತ್ತಲ ಅಂಗಳಗಳಿಗೆ ನುಗ್ಗುತ್ತದೆ. ಮೂರು ಹಳ್ಳಗಳ ನೀರು ಸಮುದ್ರಕ್ಕೆ ಹೋಗುವ ಇಕ್ಕಟ್ಟಾದ ದಾರಿಯಲ್ಲೇ ಹೆದ್ದಾರಿಯೂ ರೈಲೂ ಕಟ್ಟಡಗಳೂ ಜಾಗ ಹಿಡಿದುಕೊಂಡರೆ ಮತ್ತೇನಾದೀತು?

ದಕ್ಷಿಣ ಕ್ಯಾಲಿಫೋರ್ನಿಯಾದ ಮಳೆಗೆ ನಮ್ಮ ಮುಂಗಾರಿನ ಶಿಸ್ತಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೆರಳೆಣಿಕೆಯ ಬಿರುಮಳೆಗಳು ಬಂದುಹೋದರೆ ವರ್ಷದ ಕೋಟಾ ಮುಗಿಯಿತು. ಪೆಸಿಫಿಕ್ ಮೇಲಿಂದ ಸಾವಿರಕ್ಕೂ ಹೆಚ್ಚು ಮೈಲಿ ಉದ್ದಕ್ಕೆ ಹರಿದುಬರುವ ತೇವಾಂಶದ ಪಟ್ಟಿಗಳನ್ನು ವಾತಾವರಣದ ನದಿಗಳು ಎನ್ನುತ್ತಾರೆ. ಅಂಥದ್ದೊಂದು ಬಂದು ಗುಡ್ಡಕ್ಕೆ ಬಡಿದರೆ ಮಳೆ. ಬಾರದ ವರ್ಷ ಬರ. ಸೊರೆಂಟೊ ವ್ಯಾಲಿಯಿಂದ ಕೂಗಳತೆಯಲ್ಲಿರುವ ಲಾ ಹೋಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಈ ನದಿಗಳ ಅಧ್ಯಯನಕ್ಕೆಂದೇ 2013ರಲ್ಲಿ ಒಂದು ಕೇಂದ್ರ ಶುರುವಾಯಿತು. ಚಂಡಮಾರುತಗಳಿಗೆ ಇರುವಂತೆ ಇವುಗಳಿಗೂ ಒಂದರಿಂದ ಐದರವರೆಗಿನ ಶ್ರೇಣಿಯನ್ನು 2019ರಲ್ಲಿ ಸೂಚಿಸಿದ್ದು ಅಲ್ಲಿನ ಮಾರ್ಟಿನ್ ರಾಲ್ಫ್ ಮತ್ತು ಸಂಗಡಿಗರು.

2024ರ ಜನವರಿ 22ರಂದು ಸ್ಯಾನ್ ಡಿಯಾಗೊ ವಿಮಾನ ನಿಲ್ದಾಣದ ಮಳೆಮಾಪಕದಲ್ಲಿ 2.73 ಇಂಚು, ಅಂದರೆ ಸುಮಾರು 69 ಮಿಲಿಮೀಟರ್ ದಾಖಲಾಯಿತು. ಜನವರಿಯ ಯಾವ ದಿನವೂ ಅಲ್ಲಿ ಅಷ್ಟು ಬಿದ್ದ ದಾಖಲೆಯಿರಲಿಲ್ಲ. ಹೆಚ್ಚು ಪೆಟ್ಟು ತಿಂದದ್ದು ಸೊರೆಂಟೊ ವ್ಯಾಲಿಯಲ್ಲ. ನಗರದ ಆಗ್ನೇಯಕ್ಕೆ ಚೋಯಾಸ್ ಹಳ್ಳದ ದಂಡೆಯಲ್ಲಿದ್ದ, ಹೆಚ್ಚಾಗಿ ದುಡಿಯುವ ಜನರ ಬಡಾವಣೆಗಳು. 69 ಮಿಲಿಮೀಟರ್ ಎಂದರೆ ಬೆಂಗಳೂರಿನ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆಯ ಮಳೆ. ಮಂಗಳೂರಿನಲ್ಲಿ ಶಾಲೆಗೆ ರಜೆಯನ್ನೂ ಕೊಡಲಿಕ್ಕಿಲ್ಲ. ಎಷ್ಟು ಮಳೆ ಬಿತ್ತು ಎನ್ನುವ ಅಂಕಿಯೊಂದರಿಂದಲೇ ಎಷ್ಟು ನೀರು ಬರುತ್ತದೆಂದು ಹೇಳಲಾಗದು ಎಂಬುದು ಈ ವಿದ್ಯೆಯ ಮೊದಲ ಪಾಠ. ನೆಲ ಎಂಥದ್ದು, ಇಳಿಜಾರು ಎಷ್ಟು, ಅದಕ್ಕೂ ಹಿಂದಿನ ವಾರ ಮಳೆಯಾಗಿತ್ತೇ, ನೀರು ಹರಿಯುವ ದಾರಿ ತೆರವಾಗಿದೆಯೇ ಎಂಬುದನ್ನೆಲ್ಲ ಕೇಳಿಕೊಂಡು ಉತ್ತರ ಕೊಡುವ ಲೆಕ್ಕದ ಯಂತ್ರಕ್ಕೆ ಮಾದರಿ ಎಂದು ಹೆಸರು. ಎಂಜಿನಿಯರ್‌ಗಳ ಬಾಯಲ್ಲಿ ಅದು ಮಾಡೆಲ್.

ಈ ಮಾಡೆಲ್‌ಗಳ ಹಿಂದೆ ಒಂದು ಕುತೂಹಲದ ಕಥೆಯಿದೆ. 1936ರಲ್ಲಿ ಅಮೆರಿಕ ಪ್ರವಾಹ ನಿಯಂತ್ರಣ ಕಾಯ್ದೆ ಮಾಡಿಕೊಂಡಾಗ ಅಣೆಕಟ್ಟು, ಏರಿ, ಕಾಲುವೆಗಳ ಕೆಲಸ ದೇಶದ ತುಂಬ ಶುರುವಾಯಿತು. ಸೇನೆಯ ಎಂಜಿನಿಯರಿಂಗ್ ದಳದಲ್ಲಿ ಆಗ ಸೇರಿದ ಹುಡುಗರು ನದಿಗಳ ಜೊತೆ ಏಗಿ ಏಗಿ ವಿದ್ಯೆ ಕಲಿತರು. 1960ರ ದಶಕ ಬರುವ ಹೊತ್ತಿಗೆ ಅವರೆಲ್ಲ ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಜೊತೆಗೆ ಅವರ ತಿಳಿವಳಿಕೆಯೂ ಮನೆಗೆ ಹೋಗಿಬಿಡುತ್ತದಲ್ಲ ಎಂಬ ಚಿಂತೆಯಿಂದ 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಜಲವಿಜ್ಞಾನ ಎಂಜಿನಿಯರಿಂಗ್ ಕೇಂದ್ರವನ್ನು ತೆರೆದರು. ಎಚ್‌ಇಸಿ ಅಥವಾ ಹೆಕ್ ಎಂದು ಕರೆಯುವುದು ಇದನ್ನೇ. ಇದರ ಮೊದಲ ನಿರ್ದೇಶಕ ಲಿಯೊ ಬಿಯರ್ಡ್. ಈಗಿರುವುದು ಡೇವಿಸ್ ಪಟ್ಟಣದಲ್ಲಿ. ಅನುಭವಿಗಳ ಲೆಕ್ಕದ ಕ್ರಮವನ್ನು ಕಂಪ್ಯೂಟರ್ ಪ್ರೋಗ್ರಾಂ ಆಗಿ ಬರೆದಿಡುವುದು ಮತ್ತು ಹೊಸಬರಿಗೆ ತರಗತಿ ನಡೆಸುವುದು ಎರಡೂ ಅದರ ಕೆಲಸ. 1968ರಲ್ಲಿ ಹೆಕ್-1 ಬಂತು. ಆ ಕೇಂದ್ರದಿಂದಲೇ ಮುಂದೆ ಹೆಕ್-ರಾಸ್ 1995ರಲ್ಲೂ ಹೆಕ್-ಎಚ್‌ಎಂಎಸ್ 1998ರಲ್ಲೂ ಬಂದವು. ಇಂದು ಸೊರೆಂಟೊ ವ್ಯಾಲಿಯ ಸಲಹಾ ಕಚೇರಿಯಲ್ಲಿ ಕೂತವನೂ ಸುರತ್ಕಲ್‌ನ ಎನ್‌ಐಟಿಕೆ ವಿದ್ಯಾರ್ಥಿಯೂ ಇವನ್ನು ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಒಂದು ಮಳೆಯಿಂದ ಎಷ್ಟು ನೀರು ಹೊರಡುತ್ತದೆ ಎಂಬುದನ್ನು ಎಚ್‌ಎಂಎಸ್ ಹೇಳುತ್ತದೆ. ಆ ನೀರು ಕಾಲುವೆಯಲ್ಲಿ ಎಷ್ಟು ಎತ್ತರಕ್ಕೆ ಏರುತ್ತದೆ, ಎಲ್ಲಿ ದಡ ಮೀರುತ್ತದೆ ಎಂಬುದನ್ನು ರಾಸ್ ಹೇಳುತ್ತದೆ.

ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕುವಾಗ ತರಬೇತಿಯಲ್ಲಿ ಕಲಿಯುವುದೇನು? ಗುಂಡಿ ಒತ್ತುವುದನ್ನು ಎರಡು ಮೂರು ದಿನದಲ್ಲಿ ಕಲಿಯಬಹುದು. ಆ ಗುಂಡಿ ಒತ್ತುವ ಮುನ್ನ ಖಾಲಿ ಚೌಕಗಳಲ್ಲಿ ತುಂಬಬೇಕಾದ ಕೆಲವು ಅಂಕಿಗಳಿವೆ. ಅವನ್ನು ಯಾವ ಉಪಗ್ರಹವೂ ತುಂಬಿಕೊಡುವುದಿಲ್ಲ, ಎಂಜಿನಿಯರೇ ತುಂಬಬೇಕು. ನನ್ನ ಮಟ್ಟಿಗೆ ಇಡೀ ವಿದ್ಯೆ ಇರುವುದು ಆ ಚೌಕಗಳಲ್ಲಿ.

ತೀರಾ ಸರಳವಾದ ಸೂತ್ರವನ್ನೇ ತೆಗೆದುಕೊಳ್ಳಿ. ಐರ್ಲೆಂಡ್‌ನಲ್ಲಿ ಮಲ್ವೇನಿ 1851ರಲ್ಲಿ ಇದರ ಬೀಜ ಹಾಕಿದ, ಅಮೆರಿಕದ ರಾಚೆಸ್ಟರ್ ನಗರದಲ್ಲಿ ಕೈಕ್ಲಿಂಗ್ 1889ರಲ್ಲಿ ಚರಂಡಿಗಳಿಗೆ ಅನ್ವಯಿಸಿದ. ಮಳೆಯ ರಭಸವನ್ನು ನೆಲದ ವಿಸ್ತೀರ್ಣದಿಂದ ಗುಣಿಸಿ, ಬಂದದ್ದನ್ನು ಮತ್ತೆ ಒಂದು ಗುಣಾಂಕದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಅಮೆರಿಕನ್ನರು ಇನ್ನೂ ಎಕರೆ, ಇಂಚು, ಕ್ಯೂಸೆಕ್‌ಗಳಲ್ಲೇ ಲೆಕ್ಕ ಹಾಕುತ್ತಾರೆ. ಕೆಆರ್‌ಎಸ್ ಒಳಹರಿವನ್ನು ದಿನಾ ಪತ್ರಿಕೆಯಲ್ಲಿ ಓದುವ ನಮಗೆ ಅದು ಅನುಕೂಲವೇ. ಒಂದು ಎಕರೆಯ ಮೇಲೆ ಗಂಟೆಗೆ ಒಂದು ಇಂಚಿನಂತೆ ಸುರಿದರೆ ಹೆಚ್ಚು ಕಡಿಮೆ ಸರಿಯಾಗಿ ಒಂದು ಕ್ಯೂಸೆಕ್ ಆಗುತ್ತದೆ. ಇಂಥ ಕಾಕತಾಳೀಯ ಸಿಕ್ಕರೆ ಯಾವ ಎಂಜಿನಿಯರ್ ತಾನೇ ಮೆಟ್ರಿಕ್‌ಗೆ ಬದಲಾಗಲು ಒಪ್ಪಿಯಾನು!

ಈಗ ಸೊರೆಂಟೊ ವ್ಯಾಲಿಯಲ್ಲಿ ಐದು ಎಕರೆ ಹುಲ್ಲು-ಪೊದೆಯ ನೆಲವಿದೆ ಎನ್ನೋಣ. ಗಂಟೆಗೆ ಎರಡು ಇಂಚಿನ ರಭಸದಲ್ಲಿ ಸ್ವಲ್ಪ ಹೊತ್ತು ಮಳೆ ಹೊಡೆಯಿತು. ಬಿದ್ದದ್ದರಲ್ಲಿ ಶೇಕಡ 35ರಷ್ಟು ಹರಿದುಹೋಗುತ್ತದೆ ಎಂದು ಗುಣಾಂಕವನ್ನು 0.35 ಹಿಡಿದರೆ ಹರಿವು 3.5 ಕ್ಯೂಸೆಕ್. ಅದೇ ನೆಲಕ್ಕೆ ಡಾಂಬರು ಹಾಕಿ ಚಾವಣಿ ಹೊದಿಸಿದರೆ ಗುಣಾಂಕ 0.9, ಹರಿವು 9 ಕ್ಯೂಸೆಕ್. ಅಂದರೆ ಸೆಕೆಂಡಿಗೆ 255 ಲೀಟರ್. ಬೆಂಗಳೂರಿನ ಆರು ಸಾವಿರ ಲೀಟರ್ ಟ್ಯಾಂಕರ್ 24 ಸೆಕೆಂಡಿಗೆ ತುಂಬುತ್ತದೆ. ಮಳೆ ಅದೇ, ಎಕರೆ ಅದೇ. ಬದಲಾದದ್ದು ಒಂದು ದಶಮಾಂಶ ಸಂಖ್ಯೆ, ಅದನ್ನು ಆರಿಸಿದವನು ಎಂಜಿನಿಯರ್. ಬಿಲ್ಡರ್ ಪರವಾಗಿ ಕೆಲಸ ಮಾಡುವವನಿಗೆ ಕಟ್ಟುವ ಮುಂಚಿನ ನೆಲದ ಗುಣಾಂಕವನ್ನು 0.35ರ ಬದಲು 0.45 ಎಂದು ಬರೆಯುವ ಆಸೆ ಹುಟ್ಟದೇ ಇರುವುದಿಲ್ಲ. ಮೊದಲೇ ಹೆಚ್ಚು ಹರಿಯುತ್ತಿತ್ತೆಂದು ತೋರಿಸಿದರೆ ನಿಲ್ಲಿಸಬೇಕಾದ ನೀರು ಕಡಿಮೆ, ತೋಡಬೇಕಾದ ಹೊಂಡ ಚಿಕ್ಕದು, ಮಾರಲು ಉಳಿಯುವ ಜಾಗ ದೊಡ್ಡದು.

ಈ ಆಸೆಗೆ ಕಡಿವಾಣ ಹಾಕುವುದು ಸ್ಥಳೀಯ ಕೈಪಿಡಿ. ಸ್ಯಾನ್ ಡಿಯಾಗೊ ಕೌಂಟಿಯ ಜಲವಿಜ್ಞಾನ ಕೈಪಿಡಿ 2003ರದ್ದು. ಮಣ್ಣನ್ನು ನೀರು ಇಂಗಿಸುವ ಶಕ್ತಿಗೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸಿ, ಎಂಥ ಮಣ್ಣಿನ ಮೇಲೆ ಎಂಥ ಬಳಕೆಯಿದ್ದರೆ ಯಾವ ಗುಣಾಂಕ ಎಂದು ಅದರಲ್ಲಿ ಕೋಷ್ಟಕ ಕೊಟ್ಟಿದ್ದಾರೆ. ಎ ಎಂದರೆ ಮರಳು, ನೀರು ಸುರಿದಂತೆ ಕುಡಿಯುತ್ತದೆ. ಡಿ ಎಂದರೆ ಜೇಡಿ ಅಥವಾ ಕೆಳಗೆ ಗಟ್ಟಿ ಪದರ ಇರುವ ನೆಲ. ನಮ್ಮ ಗದಗ, ವಿಜಯಪುರದ ಎರೆಭೂಮಿ ಈ ಗುಂಪಿಗೆ ಸೇರುತ್ತದೆ. ಸ್ಯಾನ್ ಡಿಯಾಗೊ ಸುತ್ತ ಡಿ ಮಣ್ಣು ಬಹಳ. ಹತ್ತು ಇಂಚಿನ ಊರಿನಲ್ಲೂ ಹಳ್ಳ ತಟ್ಟನೆ ಏರುವುದಕ್ಕೆ ಅರ್ಧ ಕಾರಣ ಇದೇ. ಅದರ ಮೇಲೆ ಕಾಡ್ಗಿಚ್ಚು ಹಾದುಹೋಗಿದ್ದರೆ ಕೋಷ್ಟಕದ ಅಂಕಿಯೂ ಸುಳ್ಳಾಗುತ್ತದೆ. ಸುಟ್ಟ ಪೊದೆಗಳ ಮೇಣದಂಥ ಅಂಶ ಮಣ್ಣಿಗಿಳಿದು, ನೀರು ಒಳಗಿಳಿಯದೆ ಜಾರಿಹೋಗುತ್ತದೆ.

ಕಾಲುವೆಯ ಒರಟುತನಕ್ಕೂ ಒಂದು ಅಂಕಿಯಿದೆ, ಮ್ಯಾನಿಂಗ್ ಸೂತ್ರದ ಎನ್. ನುಣುಪಾದ ಕಾಂಕ್ರೀಟಿಗೆ 0.013 ಆಸುಪಾಸು, ಶುಚಿಯಾದ ಮಣ್ಣಿನ ಕಾಲುವೆಗೆ 0.03ರ ಸುತ್ತ, ಜೊಂಡು ದಟ್ಟವಾಗಿ ಬೆಳೆದರೆ 0.1ನ್ನೂ ಮುಟ್ಟಬಹುದು. ಇದನ್ನು ಅಳೆಯುವ ಮೀಟರ್ ಇಲ್ಲ, ಕಣ್ಣೇ ಅಳತೆಗೋಲು. ಆ ಕಣ್ಣನ್ನು ಪಳಗಿಸಲು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಹ್ಯಾರಿ ಬಾರ್ನ್ಸ್ 1967ರಲ್ಲಿ ಒಂದು ಪುಸ್ತಕ ತಂದರು. ದೇಶದ 50 ಹೊಳೆ-ಹಳ್ಳಗಳ ಬಣ್ಣದ ಚಿತ್ರಗಳು, ಒಂದೊಂದರ ಜೊತೆಗೂ ನಿಜವಾದ ನೆರೆಯ ಅಳತೆಯಿಂದ ಲೆಕ್ಕ ಹಾಕಿ ತೆಗೆದ ಎನ್. ಚಿತ್ರ ನೋಡುವುದು, ಅಂಕಿ ಊಹಿಸುವುದು, ಆಮೇಲೆ ಸರಿ ಉತ್ತರದ ಜೊತೆ ಹೋಲಿಸುವುದು. ಸುಂಕದಕಟ್ಟೆಯಲ್ಲಿ ಎತ್ತಿನ ಬಂಡಿ ನೋಡಿ ತೂಕ ಹೇಳುತ್ತಿದ್ದವರೂ ಹೀಗೇ ಕಲಿತಿರಬೇಕು. ಅರ್ಧ ಶತಮಾನ ಕಳೆದರೂ ಎಂಜಿನಿಯರ್‌ಗಳು ಆ ಪುಸ್ತಕವನ್ನು ಬಿಟ್ಟಿಲ್ಲ.

ಸೊರೆಂಟೊ ವ್ಯಾಲಿಯಲ್ಲಿ ಈ ಎನ್ ಬರೀ ಪಾಠವಾಗಿ ಉಳಿದಿಲ್ಲ, ಜಗಳವೂ ಆಗಿದೆ. ಹರಿವಿನ ಆಳ, ಇಳಿಜಾರು ಅಷ್ಟೇ ಇದ್ದು ಎನ್ 0.03ರಿಂದ 0.09ಕ್ಕೇರಿದರೆ ಕಾಲುವೆ ಸಾಗಿಸುವ ನೀರು ಮೂರನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಜೊಂಡು ಕಿತ್ತು ಹೂಳು ತೆಗೆಯಿರಿ ಎಂದು ಕಣಿವೆಯ ಕಟ್ಟಡಗಳವರು ಕೂಗುತ್ತಾರೆ. ಅದು ಜವುಗು ನೆಲ, ಹಕ್ಕಿಗಳ ನೆಲೆ, ಜೆಸಿಬಿ ಇಳಿಸಬೇಡಿ ಎಂದು ಪರಿಸರದವರು ಹೇಳುತ್ತಾರೆ. ಕಾಲುವೆ ಶುಚಿ ಮಾಡಲು ನಗರಪಾಲಿಕೆ ಸೇನೆಯ ಎಂಜಿನಿಯರಿಂಗ್ ದಳ, ಪ್ರಾದೇಶಿಕ ಜಲಗುಣಮಟ್ಟ ಮಂಡಳಿ, ವನ್ಯಜೀವಿ ಇಲಾಖೆ ಎಂದು ಹಲವು ಬಾಗಿಲು ತಟ್ಟಿ ಅನುಮತಿ ತರಬೇಕು. ಎರಡೂ ಕಡೆಯವರ ಕೈಯಲ್ಲಿ ಹೆಕ್-ರಾಸ್ ವರದಿಗಳಿರುತ್ತವೆ. ಇಂಥಲ್ಲಿ ತರಬೇತಿ ಪಡೆದವನ ಉಪಯೋಗ ಉತ್ತರ ಕೊಡುವುದಕ್ಕಿಂತ, ಎದುರಿನವನ ಉತ್ತರ ಯಾವ ಚೌಕದಿಂದ ಹುಟ್ಟಿತು ಎಂದು ತೋರಿಸುವುದರಲ್ಲಿ.

ದೊಡ್ಡ ನೆರೆಯ ಲೆಕ್ಕವೇ ಎಲ್ಲವೂ ಅಲ್ಲ ಎಂಬುದನ್ನು ಕ್ಯಾಲಿಫೋರ್ನಿಯಾ ಕಲಿತದ್ದು ತಡವಾಗಿ. ಡಾಂಬರು ಬಿದ್ದ ಮೇಲೆ ಸಣ್ಣ ಮಳೆಗೂ ನೀರು ಹರಿಯುತ್ತದೆ. ಮೊದಲು ವರ್ಷಕ್ಕೊಮ್ಮೆ ಮೈತುಂಬುತ್ತಿದ್ದ ತೊರೆ ಪದೇ ಪದೇ ತುಂಬಿ ತನ್ನ ದಡವನ್ನೇ ಕೊರೆಯುತ್ತದೆ. ಕೊರೆದ ಮಣ್ಣು ಎಲ್ಲಿಗೆ ಹೋಗಬೇಕು? ಸೊರೆಂಟೊ ವ್ಯಾಲಿಯ ವಿಷಯದಲ್ಲಿ ಅಳಿವೆಗೆ. ಜೊತೆಗೆ ಬಡಾವಣೆಗಳ ಹುಲ್ಲುಹಾಸಿಗೆ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದುಬಂದು, ಉಪ್ಪು ನೀರಿನ ಗಿಡಗಳಿದ್ದಲ್ಲಿ ಸಿಹಿನೀರಿನ ಜೊಂಡು ಹಬ್ಬಿತು. ರೈಲು ಹಳಿಯ ಏರಿ 1920ರ ದಶಕದಿಂದಲೇ ಅಳಿವೆಯನ್ನು ಸೀಳಿ ನಿಂತಿದೆ. ಅಳಿವೆಯ ಬಾಯಿಗೆ ಮರಳು ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ಯಂತ್ರ ಇಳಿಸಿ ತೆಗೆಸುತ್ತಾರೆ. ಉಡುಪಿ, ಉತ್ತರ ಕನ್ನಡದ ಕಡಲತಡಿಯವರಿಗೆ ಈ ದೃಶ್ಯ ಹೊಸದೇನಲ್ಲ.

2012ರಲ್ಲಿ ಸ್ಯಾನ್ ಡಿಯಾಗೊ ಪ್ರಾದೇಶಿಕ ಜಲಗುಣಮಟ್ಟ ಮಂಡಳಿ ಈ ಅಳಿವೆಗೆ ವರ್ಷಕ್ಕೆ ಎಷ್ಟು ಹೂಳು ಬರಬಹುದು ಎಂಬ ಮಿತಿಯನ್ನು ಅಂಗೀಕರಿಸಿತು. ಜಲಾನಯನ ಪ್ರದೇಶದಿಂದ ಬರುತ್ತಿರುವ ಹೂಳು ಸುಮಾರು ಮೂರನೇ ಎರಡರಷ್ಟು ಇಳಿಯಬೇಕು ಎಂದು ಗುರಿಯಿಟ್ಟಿತು. 1970ರ ದಶಕದ ಸ್ಥಿತಿ ಹೇಗಿತ್ತು ಎಂಬುದನ್ನು ಮಾಡೆಲ್‌ನಲ್ಲಿ ಮರುಸೃಷ್ಟಿಸಿ, ಇಂದಿನದಕ್ಕೆ ಹೋಲಿಸಿ ತೆಗೆದ ಗುರಿ ಅದು. ಆಗ ಅಲ್ಲಿ ಹೂಳು ತೂಗಲು ಯಾರೂ ಕೂತಿರಲಿಲ್ಲ. ಆದರೆ ಮಳೆಯ ದಾಖಲೆಯಿತ್ತು, ಭೂಬಳಕೆಯ ನಕ್ಷೆಯಿತ್ತು, ಪೆನ್ಯಾಸ್ಕಿಟೋಸ್ ಹಳ್ಳದ ಮೇಲ್ಭಾಗದಲ್ಲಿ ಪೊವೇ ಬಳಿ 1960ರ ದಶಕದಿಂದ ಹರಿವು ಅಳೆಯುತ್ತಿರುವ ಕೇಂದ್ರವಿತ್ತು. ಸಣ್ಣ ಹಳ್ಳವೊಂದರ ಪಕ್ಕ ದಶಕಗಳ ಕಾಲ ನೀರಿನ ಮಟ್ಟ ಬರೆದಿಡುವುದು ಆಗ ಯಾರಿಗಾದರೂ ದಂಡದ ಕೆಲಸ ಎನ್ನಿಸಿದ್ದೀತು.

ಹೊಸ ಕಟ್ಟಡಗಳಿಗೂ ಈಗ ಇದೇ ಕ್ರಮ. ದೊಡ್ಡ ಯೋಜನೆಗಳು ಸಾಮಾನ್ಯವಾಗಿ ಹಲವು ದಶಕಗಳ ಗಂಟೆಗಂಟೆಯ ಮಳೆ ದಾಖಲೆಯನ್ನು ಮಾಡೆಲ್ ಒಳಗೆ ಹರಿಸಿ, ಎರಡು ವರ್ಷಕ್ಕೊಮ್ಮೆ ಬರುವ ಹರಿವಿನ ಒಂದು ಸಣ್ಣ ಪಾಲಿನಿಂದ ಹಿಡಿದು ಹತ್ತು ವರ್ಷಕ್ಕೊಮ್ಮೆ ಬರುವ ಹರಿವಿನವರೆಗೆ, ಕಟ್ಟಿದ ಮೇಲೂ ನೀರು ಮೊದಲಿನಷ್ಟೇ ಹೊತ್ತು ಹರಿಯುತ್ತದೆಂದು ತೋರಿಸಬೇಕು. ಇದಕ್ಕೆಂದೇ ಸ್ಯಾನ್ ಡಿಯಾಗೊ ಹೈಡ್ರಾಲಜಿ ಮಾಡೆಲ್ ಎಂಬ ಪ್ರೋಗ್ರಾಂ ಇದೆ, ಅದಕ್ಕೆ ತರಬೇತಿಯೂ ಇದೆ. ಕಚೇರಿಗಳ ಮುಂದೆ ಗಿಡ ನೆಟ್ಟ ತಗ್ಗು ಹೊಂಡಗಳನ್ನು ನೋಡಿ ಚೆಂದದ ಉದ್ಯಾನ ಎಂದುಕೊಂಡರೆ ಮೋಸಹೋಗುತ್ತೀರಿ. ಅವುಗಳಲ್ಲಿ ಎಷ್ಟೋ ನೀರಿಳಿಸುವ ಲೆಕ್ಕದ ಹೊಂಡಗಳು. ಅವುಗಳ ಅಡಿ ಮರಳು-ಮಣ್ಣಿನ ಮಿಶ್ರಣ, ಅದರ ಕೆಳಗೆ ಜಲ್ಲಿ, ಜಲ್ಲಿಯೊಳಗೆ ತೂತಿನ ಕೊಳವೆ.

ಕ್ಯಾಲಿಫೋರ್ನಿಯಾದ ಎಂಜಿನಿಯರ್‌ಗಳು ಪರವಾನಗಿ ನವೀಕರಿಸಲು ವರ್ಷಕ್ಕೆ ಇಂತಿಷ್ಟು ಗಂಟೆ ತರಬೇತಿ ಪಡೆಯಲೇಬೇಕೆಂಬ ನಿಯಮವಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅಂಥ ಕಟ್ಟಳೆಯಿದೆ, ಇಲ್ಲಿಲ್ಲ. ಆದರೂ ಜನ ಕಾಸು ಕೊಟ್ಟು ತರಗತಿಗೆ ಹೋಗುತ್ತಾರೆ. ವಿದ್ಯೆಯ ಹಸಿವು ಸ್ವಲ್ಪ ಇರಬಹುದು. ಮೊಹರಿನ ಭಯ ಹೆಚ್ಚು ಎಂದು ನನ್ನ ಎಣಿಕೆ. ವರದಿಯ ಮೇಲೆ ಹೆಸರು, ಪರವಾನಗಿ ಸಂಖ್ಯೆ ಇರುತ್ತದೆ. ಪಾಲಿಕೆಯ ಪರಿಶೀಲಕ ಅದೇ ಕೈಪಿಡಿ ಹಿಡಿದು ಪ್ರತಿ ಅಂಕಿಗೂ ಪ್ರಶ್ನೆ ಬರೆದು ಕಳಿಸುತ್ತಾನೆ. ನಾಳೆ ನೆರೆ ಬಂದರೆ ವಕೀಲರು ಮೊದಲು ಹುಡುಕುವುದು ಆ ಸಹಿಯನ್ನು.

ಸಹಿಯ ಭಾರ ಅಲ್ಲಿನವರಿಗೆ ಗೊತ್ತಾದದ್ದು ದುರಂತಗಳಿಂದ. 1915ರ ಕೊನೆಯಲ್ಲಿ ಸ್ಯಾನ್ ಡಿಯಾಗೊದ ನಗರಸಭೆ ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಎಂಬ ಮಳೆಗಾರನ ಜೊತೆ ಮಾತಾಡಿಕೊಂಡಿತ್ತು. ಹೊಲಿಗೆ ಯಂತ್ರ ಮಾರುತ್ತಿದ್ದ ಆಸಾಮಿ. ಗೋಪುರ ಕಟ್ಟಿ ರಾಸಾಯನಿಕ ಆವಿ ಬಿಟ್ಟು ಮಳೆ ತರಿಸುತ್ತೇನೆನ್ನುತ್ತಿದ್ದ. ಮೊರೀನಾ ಜಲಾಶಯ ತುಂಬಿಸಿದರೆ ಹತ್ತು ಸಾವಿರ ಡಾಲರ್. 1916ರ ಜನವರಿಯಲ್ಲಿ ಮಳೆ ಬಂತು, ನಿಲ್ಲಲೇ ಇಲ್ಲ. 27ರಂದು ಲೋವರ್ ಒಟೇ ಅಣೆಕಟ್ಟು ಒಡೆದು ಕೆಳಗಿನ ಕಣಿವೆಯ ಜನ ಕೊಚ್ಚಿಹೋದರು. ಮಳೆ ನಿನ್ನದೆನ್ನುವುದಾದರೆ ನಷ್ಟವೂ ನಿನ್ನದೇ ಎಂದು ನಗರಸಭೆ ದುಡ್ಡು ಕೊಡಲಿಲ್ಲ. ಇದನ್ನು ತಮಾಷೆಯ ಕಥೆಯಾಗಿ ಹೇಳುವುದು ರೂಢಿ. ನಾವೂ ಪರ್ಜನ್ಯ ಹೋಮ ಮಾಡಿಸಿದವರು, 2017ರಲ್ಲಿ ವರ್ಷಧಾರಿ ಎಂದು ವಿಮಾನ ಹಾರಿಸಿ ಮೋಡ ಬಿತ್ತಿದವರು. ನಗುವ ಹಕ್ಕು ನಮಗೂ ಅಷ್ಟಿಲ್ಲ. ಮಳೆ ಹೇಗೆ ತರಿಸುವುದೆಂದು ಇಡೀ ಊರು ಕೇಳುತ್ತಿದ್ದಾಗ, ಬಂದರೆ ಅಣೆಕಟ್ಟು ತಾಳೀತೇ ಎಂಬ ಪ್ರಶ್ನೆ ಹಿಂದೆ ಬಿತ್ತು ಎಂಬುದು ಅದರಲ್ಲಿ ನನ್ನನ್ನು ಕಾಡುವ ಭಾಗ.

ಲಾಸ್ ಏಂಜಲೀಸ್ ಬಳಿ 1928ರ ಮಾರ್ಚ್ 12ರ ನಡುರಾತ್ರಿಗೆ ಸ್ವಲ್ಪ ಮುಂಚೆ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಕುಸಿಯಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಟ್ಟಿಸಿದ ವಿಲಿಯಂ ಮಲ್‌ಹಾಲಂಡ್ ಒಡೆಯುವ ಕೆಲವೇ ಗಂಟೆ ಮುಂಚೆ ಸೋರಿಕೆ ನೋಡಿ ಅಪಾಯವಿಲ್ಲ ಎಂದು ಹೇಳಿ ಹೋಗಿದ್ದರು. ಮುಂದಿನ ವರ್ಷವೇ ಕ್ಯಾಲಿಫೋರ್ನಿಯಾ ಸಿವಿಲ್ ಎಂಜಿನಿಯರ್‌ಗಳಿಗೆ ಪರವಾನಗಿ ಕಡ್ಡಾಯ ಮಾಡಿತು. 1938ರ ಮಹಾನೆರೆಯ ನಂತರ ಲಾಸ್ ಏಂಜಲೀಸ್ ನದಿಯ 51 ಮೈಲಿಯಲ್ಲಿ ಬಹುಪಾಲನ್ನು ಕಾಂಕ್ರೀಟ್ ತೊಟ್ಟಿಯಾಗಿ ಮಾಡಿಬಿಟ್ಟರು. ನೀರನ್ನು ಬೇಗ ಸಮುದ್ರಕ್ಕೆ ದಾಟಿಸುವ ಲೆಕ್ಕ ಸರಿಯಾಗಿಯೇ ಇತ್ತು, ನದಿ ಮಾತ್ರ ಉಳಿಯಲಿಲ್ಲ.

ನಮ್ಮ ಕಡೆ ಬರೋಣ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಒಂದೇ ರಾತ್ರಿ 130 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು ಮುಳುಗಿದವು. ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಆ ನೆಲ ಸಾಲುಕೆರೆಗಳ ತಪ್ಪಲು. ಒಂದು ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುವ ವ್ಯವಸ್ಥೆ. ಕೋಡಿಯ ಎತ್ತರ ಎಷ್ಟಿರಬೇಕು, ತೂಬನ್ನು ಯಾವಾಗ ಎತ್ತಬೇಕು, ಯಾವ ಮಳೆಗೆ ಯಾವ ತಗ್ಗು ತುಂಬುತ್ತದೆ ಎಂಬುದು ನೀರಗಂಟಿಗಳಿಗೆ ತಿಳಿದಿತ್ತು. ಅವರು ಕೆಲಸ ಬಿಟ್ಟುಹೋದಾಗ ಅವರ ತಿಳಿವಳಿಕೆಯನ್ನು ಬರೆದಿಡಲು ನಾವು ಯಾವ ಕೇಂದ್ರವನ್ನೂ ತೆರೆಯಲಿಲ್ಲ.

ಲೆಕ್ಕದ ಪರಂಪರೆ ನಮಗೆ ಇಲ್ಲವೆಂದಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮರು ಕರೆಸಿಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಊರೊಳಗೆ ಗೋಡೆ ಕಟ್ಟಿ ನದಿಯನ್ನು ತಡೆಯುವುದಷ್ಟೇ ಸಾಲದು, ಮೇಲ್ಭಾಗದಲ್ಲೇ ನೆರೆಯನ್ನು ಹಿಡಿದಿಡಬೇಕು ಎಂಬ ಅವರ ಸಲಹೆಯ ಫಲ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಇವತ್ತು ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿ ಇದೆ. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಮಳೆ ಅಳೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ ಮುಜುಮ್‌ದಾರ್ ಅವರ ತಂಡ ಇದೇ ಕೇಂದ್ರದ ಜೊತೆಗೂಡಿ ಬೆಂಗಳೂರಿಗೆ ನೆರೆ ಮುನ್ಸೂಚನೆಯ ಮಾಡೆಲ್ ಕಟ್ಟಿತು, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳು ಬಂದವು. ಕೇಂದ್ರ ಸರ್ಕಾರ 2019ರಲ್ಲಿ ಮಳೆನೀರು ಚರಂಡಿಗಳ ಕೈಪಿಡಿಯನ್ನೂ ಹೊರತಂದಿದೆ.

ಕೊರತೆ ಇರುವುದು ಎರಡು ಕಡೆ. ವೈದ್ಯರಿಗೂ ವಕೀಲರಿಗೂ ಇರುವಂಥ ಶಾಸನಬದ್ಧ ಪರವಾನಗಿ ನಮ್ಮ ದೇಶದಲ್ಲಿ ಸಿವಿಲ್ ಎಂಜಿನಿಯರ್‌ಗೆ ಇಲ್ಲ. ಮೋರಿಯ ಅಗಲ ತಪ್ಪಾಗಿದ್ದರೆ ಗುತ್ತಿಗೆದಾರನ ಮೇಲೆ ಕೂಗಾಡುತ್ತೇವೆ. ಗುಣಾಂಕ ಬರೆದವರು ಯಾರು ಎಂದು ಕೇಳುವುದಿಲ್ಲ. ಎರಡನೆಯದು, ದೆಹಲಿಯ ಕೈಪಿಡಿ ಇದ್ದರೂ ಬೆಂಗಳೂರಿನ ಕೆಮ್ಮಣ್ಣಿಗೆ, ಕಲಬುರಗಿಯ ಎರೆಗೆ, ಮಂಗಳೂರಿನ ಮುರಕಲ್ಲಿಗೆ ಬೇರೆ ಬೇರೆ ಅಂಕಿ ಬೇಕು. ಅದು ಬರುವುದು ನಮ್ಮ ನೆಲದಲ್ಲಿ ಹರಿವು ಅಳೆದಾಗ. ಸ್ಯಾನ್ ಡಿಯಾಗೊದ ಕೋಷ್ಟಕವನ್ನು ಇಲ್ಲಿಗೆ ತಂದಿಟ್ಟರೆ ಮಾಡೆಲ್ ಏನೂ ತಕರಾರು ಮಾಡುವುದಿಲ್ಲ, ಬಣ್ಣದ ನಕ್ಷೆಯನ್ನೂ ಕೊಡುತ್ತದೆ. ನಕ್ಷೆ ಚೆನ್ನಾಗಿದ್ದಷ್ಟೂ ಅದನ್ನು ಪ್ರಶ್ನಿಸುವವರು ಕಡಿಮೆ ಎಂಬುದು ಸಭೆಗಳಲ್ಲಿ ಕೂತವರಿಗೆಲ್ಲ ಗೊತ್ತು.

ಹರಿವು ಅಳೆಯಲು ದೊಡ್ಡ ಬಜೆಟ್ ಬೇಕೆಂದೇನಿಲ್ಲ. ದೊಡ್ಡ ನೆರೆ ಇಳಿದ ಮೇಲೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರು ಗೋಡೆ, ಮರ, ಕಂಬಗಳ ಮೇಲೆ ಕೆಸರು-ಕಸ ಉಳಿಸಿಹೋದ ಗೆರೆಯನ್ನು ಹುಡುಕಿ ಗುರುತು ಹಾಕಿ, ಮಟ್ಟ ಅಳೆದು ಬರೆದುಕೊಳ್ಳುತ್ತಾರೆ. ಮಾಡೆಲ್ ಹೇಳಿದ ಎತ್ತರಕ್ಕೂ ಆ ಗೆರೆಗೂ ತಾಳೆ ನೋಡಿದರೆ ಯಾವ ಚೌಕದಲ್ಲಿ ತಪ್ಪು ಅಂಕಿ ಕೂತಿದೆ ಎಂದು ಹೊಳೆಯುತ್ತದೆ. ನಮ್ಮಲ್ಲಿ ನೀರಿಳಿದ ಮರುದಿನವೇ ಪೈಪು ಹಿಡಿದು ಗೋಡೆ ತೊಳೆಯುತ್ತಾರೆ, ವಾರದಲ್ಲಿ ಬಣ್ಣವೂ ಬೀಳುತ್ತದೆ. ಹೊರವರ್ತುಲ ರಸ್ತೆಯ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಸಿವಿಲ್ ವಿಭಾಗಗಳಲ್ಲಿ ಲೆವೆಲಿಂಗ್ ಉಪಕರಣ, ಸ್ಟಾಫು, ಟೇಪು ಇದ್ದೇ ಇರುತ್ತವೆ. ಮುಂದಿನ ಸಲ ಬೆಳ್ಳಂದೂರಿನಲ್ಲಿ ನೀರು ನುಗ್ಗಿದಾಗ, ತೊಳೆಯುವವರಿಗಿಂತ ಮೊದಲು ಆ ವಿದ್ಯಾರ್ಥಿಗಳು ಅಲ್ಲಿರಬೇಕು. ಅಳೆದದ್ದನ್ನು ಯಾರು ಬೇಕಾದರೂ ನೋಡುವಂತೆ ಪಾಲಿಕೆ ಪ್ರಕಟಿಸಬೇಕು.